ಇನ್ನೂ ಬಿಡ್ಸಿದ್ದಿಲ್ಲೆಯಾ?

ಹಾಲು ಕೊಡ್ತ ಅಬ್ಬೆಕ್ಕಳತ್ರೆ ನಮ್ಮ ಊರಿಲಿ ಎರಡು ಪ್ರಶ್ನೆ ಕೇಳ್ತವು. ಶಿಶುವಿಂಗೆ ಮೂರು ತಿಂಗಳು ಅಪ್ಪನ್ನಾರ "ಹಾಲು ಸಾಕಾವ್ತಾ?" ಒಂದು ವರ್ಷ ಕಳುದ ಮತ್ತೆ "ಇನ್ನೂ ಬಿಡ್ಸಿದ್ದಿಲ್ಲೆಯಾ?" ಸುರುವಾಣ ಪ್ರಶ್ನೆ ಕೇಳಿದವು ಡಬ್ಬಿಹಾಲು ತಪ್ಪಲೆ ಹೇಳ್ತವು, ಎರಡ್ನೇದರ ಕೇಳಿದವು ಬೇವಿನೆಣ್ಣೆ ಕುಪ್ಪಿ ಹುಡ್ಕುತ್ತವು. ಹೆಚ್ಚಿನ ಸರ್ತಿ ಎರಡುದೆ ಕೇಳುದು ಒಂದೇ ಜೆನ.

ಈ ಎರಡ್ನೇ ಪ್ರಶ್ನೆಯ ಮೇಲೆ ಎನಗೆ ಸುಮಾರು ಸಮಯಂದ ಪಿಸುರು ಇದ್ದು. ಜೆಂಬರಂಗಳಲ್ಲಿ ಅದರ ಕೇಳುವ ಸ್ವರವೇ ಬೇರೆ. ಮಾಣಿ ಅಬ್ಬೆಯ ಸೆರಗು ಎಳದ ಕೂಡ್ಲೇ ಸುತ್ತ ಕೂದೋರೆಲ್ಲ ಅತ್ಲಾಗಿ ನೋಡ್ತವು, ಆರಾರು ಒಬ್ಬ ಕೇಳ್ತವು, ನಾಕು ಜೆನ ನೆಗೆ ಮಾಡ್ತವು. ಆ ಕೂಸು ಮೋರೆ ಕೆಂಪು ಮಾಡ್ಯೊಂಡು "ಬಿಡ್ಸೆಕ್ಕು ದೊಡ್ಡಮ್ಮಾ, ನೋಡ್ತಾ ಇದ್ದೆ" ಹೇಳಿ ಮಗನ ಎತ್ತಿಗೊಂಡು ಒಳ ಹೋವ್ತು. ಅದರ ಶಿಶು, ಅದರ ಹಾಲು, ಅದರ ಮೈ. ಸಮಜಾಯಿಷಿ ಕೊಡೆಕ್ಕಾದ್ದುದೆ ಅದುವೇ!

ಇದರ ಬರವದು ಎನ್ನ ಪ್ರಾಯದವಕ್ಕೆ. ಅತ್ತೆಕ್ಕೊಗೆ, ದೊಡ್ಡಮ್ಮಂದ್ರಿಂಗೆ, ಎಲ್ಲ ಗೊಂತಿದ್ದು ಹೇಳಿ ಗ್ರೇಶಿಗೊಂಡವಕ್ಕೆ. ಬಾಳಂತಿಗೊಕ್ಕೆ ಉಪದೇಶ ಮಾಡ್ಲೆ ಜೆನ ಧಾರಾಳ ಇದ್ದವು, ನವಗೆ ಮಾಡ್ಲೆ ಆರೂ ಇಲ್ಲೆ. ಎನ್ನ ಮಗಳು ಮೂರು ವರ್ಷಕ್ಕೆ ಒಂದು ತಿಂಗಳು ಬಾಕಿ ಇಪ್ಪನ್ನಾರ ಕುಡುದ್ದು, ಮಗ ಒಂದೂವರೆ ವರ್ಷಲ್ಲಿ ಅವನಷ್ಟಕೇ ಬಿಟ್ಟ. ಇಬ್ರೂ ಈಗ ಸಂಬಳ ತಪ್ಪ ಜೆನಂಗೊ. ಆರು ಎಷ್ಟು ಸಮಯ ಕುಡುದವು ಹೇಳಿ ಅವರ ನೋಡಿ ಹೇಳ್ಲೆ ಆರಿಂಗೂ ಎಡಿಯ.

ಸುರುವಿಂಗೆ ಆ ನೀರಿನ ವಾದವ ನೋಡುವೊ. ವರ್ಷ ಕಳುದ ಮತ್ತೆ ಅಬ್ಬೆಹಾಲಿಲಿ ಸತ್ವ ಇಲ್ಲೆ, ಬರೇ ನೀರು ಹೇಳಿ. ಆರು ಅಳದು ನೋಡಿದ್ದು? ವಿಶ್ವ ಆರೋಗ್ಯ ಸಂಸ್ಥೆಯವು ಹೇಳ್ತದು ಹೀಂಗೆ: ಆರು ತಿಂಗಳು ಅಬ್ಬೆಹಾಲು ಮಾಂತ್ರ, ಮತ್ತೆ ಊಟದೊಟ್ಟಿಂಗೆ ಎರಡು ವರ್ಷ, ಬೇಕಾದರೆ ಅದರಿಂದ ಮುಂದೆಯುದೆ. ಆರಂದ ಹನ್ನೆರಡು ತಿಂಗಳಿನ ಶಿಶುವಿಂಗೆ ಬೇಕಪ್ಪ ಶಕ್ತಿಲಿ ಅರ್ಧವೋ ಅದರಿಂದ ಹೆಚ್ಚೋ ಅಬ್ಬೆಹಾಲಿಂದ ಸಿಕ್ಕುಗು, ಒಂದರಿಂದ ಎರಡು ವರ್ಷದವಕ್ಕೆ ಮೂರನೇ ಒಂದು ಪಾಲು ಸಿಕ್ಕುಗು ಹೇಳಿ ಅವರ ಲೆಕ್ಕ. ನಮ್ಮ ಕೇಂದ್ರ ಸರಕಾರವುದೆ ಇದನ್ನೇ ಹೇಳ್ತು. 2016ರಲ್ಲಿ 'ಮಾ' ಹೇಳಿ ಒಂದು ಕಾರ್ಯಕ್ರಮವನ್ನೇ ಸುರು ಮಾಡಿದ್ದವು. ಬೇಕಪ್ಪ ಶಕ್ತಿಲಿ ಮೂರನೇ ಒಂದು ಪಾಲು ಕೊಡ್ತ ನೀರು ಬೇರೆ ಎಲ್ಲಿಯಾರು ಇದ್ದರೆ ಎನಗೆ ತೋರ್ಸಿ, ಬಾವಿ ಮುಚ್ಚಿ ಅದರನ್ನೇ ತತ್ತೆ.

ಈ ವಾದ ಮಾಡ್ತ ಮಾವಂದ್ರ ಕೈಲಿ ಏವಗಳೂ ಒಂದು ಗ್ಲಾಸು ಇರ್ತು. ಕಾಪಿಯೋ, ಚಾಯವೋ, ಮಜ್ಜಿಗೆಯೋ. ಎಪ್ಪತ್ತು ವರ್ಷದ ಅಜ್ಜ ಕಂಜಿಯ ಪಾಲಿನ ಹಾಲು ಹಾಕಿದ ಕಾಪಿಯ ಕುಡುದು ಬಾಯಿ ಉದ್ದಿಗೊಂಡು, ಎರಡು ವರ್ಷದ ಮಾಣಿ ಸ್ವಂತ ಅಬ್ಬೆಯ ಹಾಲು ಕುಡಿವದರ ಕಂಡು "ಛೇ, ಎಷ್ಟು ದೊಡ್ಡ ಆಯಿದ" ಹೇಳ್ತವಲ್ಲದಾ, ಇದರಲ್ಲಿ ನಾಚಿಗೆ ಆಯೆಕ್ಕಾದ್ದು ಆರಿಂಗೆ? ಹಟ್ಟಿಲಿ ಕಂಜಿಯ ಕಟ್ಟಿಹಾಕಿ ಕರದ ಹಾಲಿಂಗೆ ಸತ್ವ ಇದ್ದು, ತೊಟ್ಟೆಲಿ ಬಪ್ಪ ನಂದಿನಿಗೆ ಸತ್ವ ಇದ್ದು, ಟೀವಿಲಿ ತೋರ್ಸುವ ಡಬ್ಬಿಯ ಹೊಡಿಗೆ ಸತ್ವ ಇದ್ದು. ಅಬ್ಬೆದಕ್ಕೆ ಮಾಂತ್ರ ಇಲ್ಲೆ.

ಡಬ್ಬಿ ಹೇಳುವಗ ಒಂದು ಮಾತು. ಶಿಶುವಿನ ಡಬ್ಬಿಹಾಲು, ಕುಪ್ಪಿಗಳ ಬಗ್ಗೆ 1992ರಲ್ಲೇ ಕಾನೂನು ಬಯಿಂದು, 2003ರಲ್ಲಿ ಅದರ ಇನ್ನೂ ಬಿಗಿ ಮಾಡಿದವು. ಎರಡು ವರ್ಷದ ಒಳಾಣ ಮಕ್ಕಳ ಡಬ್ಬಿಗೊಕ್ಕೆ ಜಾಹೀರಾತು ಕೊಡ್ಲಾಗ. ಹಾಂಗಾಗಿ ಟೀವಿಲಿ ಕಾಂಬದೆಲ್ಲ ಎರಡು ವರ್ಷ ಕಳುದ ಮಕ್ಕಳದ್ದು. ಸರಿಯಾಗಿ ಅದೇ ಪ್ರಾಯಕ್ಕೆ ನಾವು "ಇನ್ನು ಬಿಡ್ಸು" ಹೇಳುಲೆ ಸುರು ಮಾಡ್ತು. ಕಂಪೆನಿಯವು ನವಗೆ ಸಂಬಳ ಕೊಡೆಕ್ಕಾತು.

ಶಾಸ್ತ್ರ ಹೇಳ್ತವು ಇನ್ನೊಂದು ಹೊಡೆಂದ ಬತ್ತವು. "ಹಲ್ಲು ಬಂದ ಮತ್ತೆ ಕೊಡ್ಲಾಗ ಹೇಳಿ ಆಯುರ್ವೇದಲ್ಲಿ ಇದ್ದು." ಹಲ್ಲಿನ ಮಾತು ಇಪ್ಪದು ಅಪ್ಪು, ಅಷ್ಟಾಂಗಹೃದಯದ ಉತ್ತರಸ್ಥಾನಲ್ಲಿ. ಆದರೆ ವಾಗ್ಭಟ ಹೇಳಿದ್ದು ಹಲ್ಲು ಬಂದ ಶಿಶುವಿನ ಕ್ರಮೇಣ ಎದೆಹಾಲಿಂದ ಬಿಡ್ಸೆಕ್ಕು ಹೇಳಿ. 'ಕ್ರಮೇಣ' ಹೇಳ್ತ ಶಬ್ದವ ನುಂಗಿ ಬಾಕಿದ್ದರ ಹೇಳಿರೆ ಅದು ವಾಗ್ಭಟನ ಮಾತಲ್ಲ, ನಿಂಗಳದ್ದು. ಶಾಸ್ತ್ರ ಬೇಡ, ಪುರಾಣ ಅಕ್ಕೋ? ಭಾಗವತದ ಹತ್ತನೇ ಸ್ಕಂಧಲ್ಲಿ ಯಶೋದೆ ಮೊಸರು ಕಡವಗ ಕೃಷ್ಣ ಬಂದು ಕಡೆಗೋಲಿನ ಹಿಡುದು ನಿಲ್ಸಿ ಹಾಲು ಕೇಳ್ತ. ಯಶೋದೆ ಕೊಡ್ತು. ಒಲೆಲಿ ಮಡುಗಿದ ಹಾಲು ಉಕ್ಕಿತ್ತು ಹೇಳಿ ಅವನ ಬಿಟ್ಟಿಕ್ಕಿ ಓಡ್ತು. ಇವಂಗೆ ಪಿಸುರು ಬಂದು ಮೊಸರಿನ ಅಳಗೆ ಒಡೆತ್ತ, ಒರಳಿನ ಮೇಲೆ ಹತ್ತಿ ನಿಂದು ಬೆಣ್ಣೆಯ ಮಂಗಂಗೆ ಕೊಡ್ತ. ಓಡ್ಲೆ, ಒರಳು ಹತ್ತಲೆ, ಕದಿವಲೆ, ಕದ್ದದರ ದಾನ ಮಾಡ್ಲೆ ಎಡಿವ ಮಾಣಿ ಅವ! ತೊಟ್ಲಿಲಿ ಮನುಗುವ ಶಿಶು ಅಲ್ಲ. ಅಷ್ಟಮಿ ದಿನ ಆ ಕತೆ ಕೇಳಿ ಕಣ್ಣುನೀರು ಉದ್ದಿಗೊಂಡ ಅಜ್ಜಿ ಮರದಿನ ಸೊಸೆಯತ್ರೆ "ಇನ್ನೂ ಬಿಡ್ಸಿದ್ದಿಲ್ಲೆಯಾ" ಕೇಳುದು ಹೇಂಗೆ ಹೇಳಿ ಎನಗೆ ಅರ್ಥ ಆವ್ತಿಲ್ಲೆ.

ಸರಿಯಾದ ಆಕ್ಷೇಪ ಒಂದು ಇದ್ದು, ಅದರ ಆನು ತಳ್ಳಿಹಾಕುತ್ತಿಲ್ಲೆ. ವರ್ಷ ಕಳುದ ಕೆಲವು ಮಕ್ಕೊ ಉಂಬಲೆ ಕೂರ್ಸಿರೆ ಬಾಯಿ ಮುಚ್ಚುತ್ತವು, ಇಡೀ ದಿನ ಅಬ್ಬೆಯ ಹಿಡ್ಕೊಂಡೇ ಇರ್ತವು. ಅಬ್ಬೆಹಾಲಿಲಿ ಕಬ್ಬಿಣದ ಅಂಶ ಕಮ್ಮಿ. ಹುಟ್ಟುವಗ ಶಿಶುವಿನ ಮೈಲಿ ಇಪ್ಪ ದಾಸ್ತಾನು ಆರು ತಿಂಗಳ ಹೊತ್ತಿಂಗೆ ಮುಗಿತ್ತಾ ಬತ್ತು. ಆರನೇ ತಿಂಗಳಿಂಗೆ ಅನ್ನಪ್ರಾಶನ ಮಡುಗಿದ ಹೆರಿಯೋರು ಲೆಕ್ಕ ತಪ್ಪಿದ್ದವಿಲ್ಲೆ. ಅಂಬಗ ಮಾಡೆಕ್ಕಾದ್ದು ಎಂತರ? ಮದಾಲು ರಾಗಿ ಮಣ್ಣಿಯೋ, ಬೇಳೆ ಹಾಕಿದ ಮೆತ್ತಂಗಿಪ್ಪ ಅಶನವೋ, ಹರಿವೆ ಸೊಪ್ಪೋ ಉಣ್ಸುದು, ಹಾಲು ಅದರ ಮತ್ತೆ. ಇರುಳು ಕುಡುದು ಒರಗುವ ಮಕ್ಕೊ ಆದರೆ ಹಲ್ಲಿನ ಚೆಂದಕೆ ತಿಕ್ಕುದು. ರಕ್ತ ಕಮ್ಮಿ ಇಪ್ಪ ಹಾಂಗೆ ಕಂಡರೆ ಡಾಕ್ಟ್ರಕ್ಕಳತ್ರೆ ಕರಕ್ಕೊಂಡು ಹೋಪದು. ಇಷ್ಟಕ್ಕೆ ಹಾಲು ಬಿಡ್ಸೆಕ್ಕು ಹೇಳಿ ಎಲ್ಲಿದ್ದು? ಅಶನ ಉಣ್ಣದ್ದ ಮಾಣಿಯ ಕೈಂದ ಬಿಸ್ಕೇಟಿನ ಪೆಕೇಟು ತೆಗವಲೆ ಆರಿಂಗೂ ಧೈರ್ಯ ಇಲ್ಲೆ, ಹಾಲು ತೆಗವಲೆ ಮಾಂತ್ರ ಎಲ್ಲೋರಿಂಗೂ ಇದ್ದು.

"ಕುಡಿಶಿ ಕುಡಿಶಿ ಎಲುಗು ಮಾಂತ್ರ ಒಳುದ್ದು ನೋಡು" ಹೇಳಿ ಅಬ್ಬೆಯ ಮೇಲೆ ಕನಿಕರ ತೋರ್ಸುತ್ತವುದೆ ಇದ್ದವು. ನಲುವತ್ತು ದಿನ ಬಾಳಂತಿಗೆ ಮದ್ದು, ತುಪ್ಪ, ಎಣ್ಣೆ, ಬೆಶಿನೀರು. ನಲುವತ್ತೊಂದನೇ ದಿನಂದ ಅದು ಎಲ್ಲೋರಿಂಗೂ ಬಳುಸಿ ಅಕೇರಿಗೆ ಉಂಬ ಜೆನ. ನಿತ್ರಾಣ ಆದ್ದು ಹಾಲಿಂದವೋ, ಅಕೇರಿಗೆ ಉಂಡದರಿಂದವೋ? ನಮ್ಮ ನೆರೆಕರೆಲಿ ಬ್ಯಾರಿಗಳ ಮನೆಗೊ ಸುಮಾರಿದ್ದು. ಅವರ ಕುರಾನಿನ ಎರಡ್ನೇ ಅಧ್ಯಾಯಲ್ಲಿ ಹಾಲಿನ ಅವಧಿಯ ಪೂರ್ತಿ ಮಾಡುಲೆ ಮನಸ್ಸಿಪ್ಪವಕ್ಕೆ ಎರಡು ವರ್ಷ ಹೇಳಿ ಇದ್ದು. ಅದು ಅಲ್ಲಿಗೇ ನಿಲ್ಲುತ್ತಿಲ್ಲೆ. ಆ ಸಮಯಲ್ಲಿ ಅಬ್ಬೆಯ ಊಟ, ವಸ್ತ್ರ ಅಪ್ಪನ ಜವಾಬ್ದಾರಿ ಹೇಳಿಯುದೆ, ಅದರಿಂದ ಮದಲೇ ಬಿಡ್ಸುತ್ತರೆ ಇಬ್ರೂ ಮಾತಾಡಿ ಒಪ್ಪೆಕ್ಕು ಹೇಳಿಯುದೆ ಇದ್ದು. ಕೇಳಿ ಎನಗೆ ಕೊಶಿ ಆತು. ನಮ್ಮಲ್ಲಿ ಕನಿಕರ ಧಾರಾಳ, ತುಪ್ಪ ಮಾಂತ್ರ ನಲುವತ್ತು ದಿನಕ್ಕೆ ಮುಗಿತ್ತು.

ಹಾಲು ಕೊಡುದು ಅಬ್ಬೆಗೆ ಬರೇ ನಷ್ಟ ಹೇಳಿಯುದೆ ಗ್ರೇಶೆಡಿ. 30 ದೇಶಂಗಳ 47 ಅಧ್ಯಯನಂಗಳ ಒಟ್ಟು ಸೇರ್ಸಿ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಲಿ ಒಂದು ಲೆಕ್ಕ ಬಯಿಂದು: ಹಾಲು ಕೊಟ್ಟ ಪ್ರತಿ ಹನ್ನೆರಡು ತಿಂಗಳಿಂಗೆ ಸ್ತನದ ಕ್ಯಾನ್ಸರಿನ ಅಪಾಯ 4.3 ಶೇಕಡಾ ಕಮ್ಮಿ ಆವ್ತು ಹೇಳಿ.

ಇನ್ನು ಬಿಡ್ಸುವ ಕ್ರಮ. ಬೇವಿನೆಣ್ಣೆ ಉದ್ದುತ್ತವು, ಮೆಣಸಿನ ಹೊಡಿ ಉದ್ದುತ್ತವು, ಮಸಿ ಉದ್ದಿ "ಗುಮ್ಮ ಕಚ್ಚಿತ್ತು" ಹೇಳಿ ಹೆದರ್ಸುತ್ತವು. ಎರಡು ವರ್ಷದ ಶಿಶುವಿಂಗೆ ಈ ಲೋಕಲ್ಲಿ ಪೂರ್ತಿ ನಂಬಿಕೆ ಇಪ್ಪದು ಒಂದೇ ಜಾಗೆಲಿ, ಅಲ್ಲಿಗೇ ಮೆಣಸು! ಲೊಟ್ಟೆ ಹೇಳ್ಲಾಗ ಹೇಳಿ ಮಕ್ಕೊಗೆ ಕಲುಶುದು ಮತ್ತೆ ಯೇವ ಬಾಯಿಲಿ? ಇನ್ನೊಂದು ಕ್ರಮ, ಅಬ್ಬೆಯ ಮೂರು ದಿನ ಅಪ್ಪನ ಮನೆಗೆ ಕಳುಸಿ ಶಿಶುವಿನ ಇಲ್ಲಿ ಮಡಿಕ್ಕೊಂಬದು. ಎನ್ನ ಹತ್ತರಾಣ ನೆಂಟ್ರ ಪೈಕಿ ಒಂದು ಕೂಸಿಂಗೆ ಹೀಂಗೇ ಮಾಡಿದವು. ಮಗಳಿಂಗೆ ಎರಡು ವರ್ಷ ಮೂರು ತಿಂಗಳು. ಎರಡ್ನೇ ದಿನ ಇರುಳು ಅಬ್ಬೆಯ ಎದೆ ಕಲ್ಲಿನ ಹಾಂಗೆ ಆಗಿ, ಮುಟ್ಲೆ ಎಡಿಯದ್ದ ಬೇನೆ, ನೂರಮೂರು ಜ್ವರ. ಆಸ್ಪತ್ರೆಗೆ ಕರಕ್ಕೊಂಡು ಹೋಪಗ ಆನುದೆ ಒಟ್ಟಿಂಗೆ ಇತ್ತಿದ್ದೆ. ಪುಣ್ಯಕ್ಕೆ ಕೀವು ಆಯಿದಿಲ್ಲೆ, ಮದ್ದಿಲಿ ಗುಣ ಆತು. ಇತ್ಲಾಗಿ ಶಿಶು ಮೂರು ದಿನ ಗೇಟಿನ ಹತ್ರೆ ಕೂದೊಂಡು ಇತ್ತಡ. ಉಂಡತ್ತು, ಒರಗಿತ್ತು, ಮಾತು ಮಾಂತ್ರ ಆಡಿದ್ದಿಲ್ಲೆ. ನಾಲ್ಕನೇ ದಿನ ಅಬ್ಬೆ ಬಂದಪ್ಪಗ ಓಡಿ ಹತ್ರೆ ಹೋಯಿದಿಲ್ಲೆ, ಅಜ್ಜಿಯ ಹಿಂದೆ ನಿಂದು ನೋಡಿತ್ತು. "ಎಷ್ಟು ಲಾಯ್ಕಲ್ಲಿ ಬಿಟ್ಟತ್ತು ನೋಡು" ಹೇಳಿ ಮನೆಯೋರು ಕೊಶಿಪಟ್ಟವು.

ಮೆಲ್ಲಂಗೆ ಬಿಡ್ಸುಲೆ ದಾರಿ ಇಲ್ಲದ್ದೆ ಅಲ್ಲ. ಹಗಲಾಣ ಒಂದು ಹೊತ್ತಿಂದರ ನಿಲ್ಸುದು, ವಾರ ಕಳುದು ಇನ್ನೊಂದು, ಇರುಳಾಣದ್ದು ಅಕೇರಿಗೆ. ಹಾಲು ಬತ್ತುಲೆ ಎದೆಗೆ ಮಲ್ಲಿಗೆ ಹೂಗು ಕಟ್ಟುವ ಕ್ರಮ ಹೆರಿಯೋರದ್ದು. ಅಜ್ಜಿಯಕ್ಕಳ ಮದ್ದು ಪೂರ ಲೊಟ್ಟೆ ಹೇಳಿ ಆನು ಹೇಳ್ತಿಲ್ಲೆ. ಹೆತ್ತ ಹೊಸತ್ತರಲ್ಲಿ ಹಾಲು ಬತ್ತುಸೆಕ್ಕಾಗಿ ಬಂದ ಅಬ್ಬೆಕ್ಕೊಗೆ ಮಲ್ಲಿಗೆ ಕಟ್ಟಿ, ಅದರ ಮಾತ್ರೆಯೊಟ್ಟಿಂಗೆ ಹೋಲ್ಸಿ ನೋಡಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟ್ರಕ್ಕೊ, ಹೂಗುದೆ ಕೆಲಸ ಮಾಡ್ತು ಹೇಳಿ 1988ರಲ್ಲಿ ಬರದ್ದವು. ಮಲ್ಲಿಗೆಯ ಗೊಂತಿದ್ದ ಅಜ್ಜಿಗೆ ಮೆಣಸಿನ ಹೊಡಿ ಎಂತಕೆ ಬೇಕಾತು?

ಆ ಮನೆಲಿ ಅಷ್ಟು ಅಂಬೆರ್ಪು ಎಂತಕೆ ಇದ್ದತ್ತು ಹೇಳಿಯುದೆ ಹೇಳ್ತೆ. ಶಿಶುವಿನ ಹಲ್ಲಿಂಗಾಗಿ ಅಲ್ಲ, ಅಬ್ಬೆಯ ಎಲುಗಿಂಗಾಗಿಯುದೆ ಅಲ್ಲ. ಜೆಗಿಲಿಲಿ ಕೂದು ಆಡಿದ ಮಾತು ಎನ್ನ ಕೆಮಿಗೇ ಬಿದ್ದಿದು: "ಇದು ಹೀಂಗೆ ಕುಡ್ಕೊಂಡಿದ್ದರೆ ಮತ್ತಾಣದ್ದು ಅಪ್ಪದು ಏವಗ?" ಮತ್ತಾಣದ್ದು ಹೇಳಿರೆ ಮಾಣಿ. ಬಾಯಿಬಿಟ್ಟು ಹೇಳೆಕ್ಕಾದ್ದಿಲ್ಲೆ, ಎಲ್ಲೋರಿಂಗೂ ಅರ್ಥ ಆತು.

ಇದು ಒಂದು ಮನೆಯ ಸಂಗತಿ ಆಗಿದ್ದರೆ ಆನು ಬರೆತ್ತಿತ್ತಿಲ್ಲೆ. ಸೀಮಾ ಜಯಚಂದ್ರನ್, ಇಲ್ಯಾನಾ ಕುಜಿಯೆಂಕೊ ಹೇಳಿ ಇಬ್ರು ಅರ್ಥಶಾಸ್ತ್ರ ಕಲ್ತ ಹೆಮ್ಮಕ್ಕೊ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನೇ ತೆಕ್ಕೊಂಡು 2011ರಲ್ಲಿ ಒಂದು ಪ್ರಬಂಧ ಪ್ರಕಟ ಮಾಡಿದವು. ಭಾರತಲ್ಲಿ ಮಾಣಿಯಂಗೊಕ್ಕೆ ಸಿಕ್ಕಿದಷ್ಟು ಸಮಯ ಕೂಸುಗೊಕ್ಕೆ ಅಬ್ಬೆಹಾಲು ಸಿಕ್ಕುತ್ತಿಲ್ಲೆ. ಮನೆಲಿ ಇನ್ನುದೆ ಮಾಣಿ ಆಯಿದಿಲ್ಲೆ ಹೇಳಿ ಆದರೆ ಕೂಸಿನ ಬೇಗ ಬಿಡ್ಸುತ್ತವು. ಕೂಸಿನ ಮೇಲೆ ಪ್ರೀತಿ ಇಲ್ಲೆ ಹೇಳಿ ಅಲ್ಲ. ಹಾಲು ಕೊಡ್ತಾ ಇಪ್ಪಗ ಮತ್ತೆ ಬಸರಿ ಅಪ್ಪದು ತಡವಾವ್ತು, ಮಾಣಿಗೆ ತಡವಪ್ಪಲಾಗ. ಕೂಸುಗೊ ಸಣ್ಣದರಲ್ಲೇ ಹೆಚ್ಚು ಸಾವಲೆ ಇದುದೆ ಒಂದು ಕಾರಣ ಹೇಳಿ ಅವು ಲೆಕ್ಕ ಹಾಕಿದ್ದವು. "ಅದೆಲ್ಲ ಉತ್ತರ ಭಾರತಲ್ಲಿ, ನಮ್ಮದು ಬುದ್ಧಿವಂತರ ಜಿಲ್ಲೆ" ಹೇಳುವಿ. ಅಕ್ಕು. ನಿಂಗಳ ಮನೆಲಿ ಮಾಣಿಗೆ "ಕುಡಿಯಲಿ ಪಾಪ" ಹೇಳಿದ್ದೆಷ್ಟು ಸರ್ತಿ, ಕೂಸಿಂಗೆ "ಎಂತರ ಇನ್ನೂದೆ" ಹೇಳಿದ್ದೆಷ್ಟು ಸರ್ತಿ, ಅಡಕ್ಕೆ ಲೆಕ್ಕ ಬರವ ಪುಸ್ತಕಲ್ಲೇ ಒಂದರಿ ಬರದು ನೋಡಿ. ಎರಡ್ನೇದು ಬೇಕು ಹೇಳಿ ಗೆಂಡ ಹೆಂಡತ್ತಿ ಇಬ್ರೂ ನಿಗಂಟು ಮಾಡಿ ಬಿಡ್ಸುತ್ತರೆ ಅದು ಅವರ ಕಾರ್ಯ. ಜೆಗಿಲಿಲಿ ನಿಗಂಟು ಮಾಡಿ, ಶಿಶುವಿನ ಊಟದ ಹೆಸರು ಹೇಳಿ, ಮೆಣಸು ಅರವದರ ಬಗ್ಗೆ ಎನ್ನ ಜಗಳ.

ಇದರ ವಿರುದ್ಧ ದಿಕ್ಕಿಲಿ ಹೋದವುದೆ ಇದ್ದವು, ಅವರನ್ನುದೆ ಬಿಡೆ. 2012ರ ಮೇ ತಿಂಗಳಿಲಿ ಅಮೇರಿಕದ ಟೈಮ್ ಪತ್ರಿಕೆ, ಸಣ್ಣ ಕುರ್ಚಿ ಮೇಲೆ ನಿಂದು ಅಬ್ಬೆಹಾಲು ಕುಡಿವ ಮೂರು ವರ್ಷದ ಮಾಣಿಯ ಪಟವ ಮುಖಪುಟಲ್ಲಿ ಹಾಕಿ, ಅಬ್ಬೆತನಲ್ಲಿ ನಿಂಗೊ ಪಾಸೋ ಫೈಲೋ ಕೇಳುವ ಹಾಂಗಿಪ್ಪ ತಲೆಬರಹ ಕೊಟ್ಟತ್ತು. ಈಗ ಫೋನಿಲಿ ಅದೇ ಪರೀಕ್ಷೆ ದಿನಾಗ್ಲೂ ನೆಡೆತ್ತು. ಆರು ತಿಂಗಳಿಂಗೆ ನಿಲ್ಸಿದವು ಫೈಲು. ಪುತ್ತೂರಿಲಿ ಬೀಜದ ಫ್ಯಾಕ್ಟರಿಗೆ ಹೋಪ ಅಬ್ಬೆ, ಸುಳ್ಯಲ್ಲಿ ಉದಿಯಪ್ಪಗ ರಬ್ಬರು ಟ್ಯಾಪಿಂಗಿಂಗೆ ಹೋಪ ಅಬ್ಬೆ, ಕಡಬಂದ ಬಸ್ಸು ಹಿಡುದು ಶಾಲೆಗೆ ಕಲುಶಲೆ ಹೋಪ ಟೀಚರು, ಇವು ಮನಸ್ಸಿಲ್ಲದ್ದೆ ನಿಲ್ಸಿದ್ದೋ? ಕಾನೂನಿಲಿ ಇಪ್ಪದು ಹೀಂಗೆ: 2017ರಿಂದ ಸುರುವಾಣ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ, ಕೆಲಸಕ್ಕೆ ವಾಪಾಸು ಬಂದ ಮತ್ತೆ ಶಿಶುವಿಂಗೆ 15 ತಿಂಗಳಪ್ಪನ್ನಾರ ದಿನಕ್ಕೆ ಎರಡು ಸರ್ತಿ ಹಾಲು ಕೊಡ್ಲೆ ಬಿಡುವು, ಐವತ್ತೋ ಅದರಿಂದ ಹೆಚ್ಚೋ ಜೆನ ಇಪ್ಪಲ್ಲಿ ಶಿಶುಮನೆ, ದಿನಕ್ಕೆ ನಾಕು ಸರ್ತಿ ಅಲ್ಲಿಗೆ ಹೋಪಲಕ್ಕು. ಮನೆಲಿ ಕೂದು ಬೀಡಿ ಕಟ್ಟುವವಕ್ಕೆ, ತೋಟದ ಕೆಲಸಕ್ಕೆ ಬಪ್ಪವಕ್ಕೆ ಇದರ್ಲಿ ಯೇವದುದೆ ಮುಟ್ಟುತ್ತಿಲ್ಲೆ. ನಮ್ಮ ತೋಟಕ್ಕೆ ಅಡಕ್ಕೆ ಹೆಕ್ಕಲೆ ಬಪ್ಪ ಅಬ್ಬೆ ಶಿಶುವಿಂಗೆ ಹಾಲು ಕೊಡ್ಲೆ ಹತ್ತು ನಿಮಿಷ ಕೂದರೆ ಗಡಿಯಾರ ನೋಡ್ತವು ಆರು? ಆ ಲೆಕ್ಕವುದೆ ಅದೇ ಪುಸ್ತಕಲ್ಲಿ ಇರಲಿ.

ಆರ ಹಕ್ಕು ಹೇಳಿ ಕೇಳಿರೆ, ನಮ್ಮ ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿಲಿ ಹೇಳಿದ್ದು. ಬೆಂಗ್ಳೂರಿನ ಒಂದು ಆಸ್ಪತ್ರೆಂದ ಕಳುವಾದ ಶಿಶು ಕೊಪ್ಪಳಲ್ಲಿ ಸಾಂಕಿದ ಅಬ್ಬೆಯ ಕೈಲಿ ಸಿಕ್ಕಿದ ಮೊಕದ್ದಮೆ ಅದು. ಹೆತ್ತ ಅಬ್ಬೆಗೆ ಶಿಶುವಿನ ಕೊಡೆಕ್ಕು ಹೇಳಿದ ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು, ಹಾಲು ಕೊಡುದು ಅಬ್ಬೆಯ ಹಕ್ಕು, ಅಬ್ಬೆಹಾಲು ಕುಡಿವದು ಶಿಶುವಿನ ಹಕ್ಕು, ಎರಡುದೆ ಸಂವಿಧಾನದ 21ನೇ ವಿಧಿಯ ಒಳ ಬತ್ತು ಹೇಳಿ ಬರದವು. ಆ ಮೊಕದ್ದಮೆಲಿ ಇದ್ದದು ಸಣ್ಣ ಶಿಶು, ಎಷ್ಟು ವರ್ಷದವರೆಗೆ ಹೇಳುವ ಪ್ರಶ್ನೆ ಅಲ್ಲಿ ಬಯಿಂದಿಲ್ಲೆ, ಒಪ್ಪುತ್ತೆ. ಆದರೆ ಹಕ್ಕಿನ ಪಟ್ಟಿಲಿ ಇಪ್ಪದು ಎರಡೇ ಜೆನ ಹೇಳಿ ಕಾಂಬಲೆ ಕನ್ನಡ್ಕ ಬೇಡ. ಅತ್ತೆ ಇಲ್ಲೆ, ನಾದಿನಿ ಇಲ್ಲೆ, ಹಂತಿಲಿ ಎದುರು ಕೂದ ದೊಡ್ಡಮ್ಮ ಇಲ್ಲೆ, ಈ ಲೇಖನ ಬರವ ಆನುದೆ ಇಲ್ಲೆ.

ಬೇಸಗೆ ಬಂತು, ಮದುವೆ ಉಪ್ನಾನಂಗೊ ಸಾಲಾಗಿ ಇದ್ದು. ನಮ್ಮ ಹೋಲುಗಳಲ್ಲಿ ಮದ್ಮಾಳಿಂಗೆ ಕೋಣೆ ಇದ್ದು, ಅಡಿಗೆಯವಕ್ಕೆ ಕೋಣೆ ಇದ್ದು, ಹಾಲು ಕೊಡ್ತ ಅಬ್ಬೆ ಬೇಗುಗಳ ರಾಶಿಯ ಎಡೆಲಿ ಗೋಡೆಗೆ ಮೋರೆ ಹಾಕಿ ಕೂರೆಕ್ಕು. ಜೆಂಬರದ ಮನೆಯೋರು ಒಂದು ಕೋಣೆ ಬಿಟ್ಟುಕೊಡಿ, ಬೆನ್ನು ಕೊಡ್ಲೆ ಎಡಿವ ನಾಕು ಕುರ್ಚಿ ಮಡುಗಿ, ಫೇನು ತಿರುಗುತ್ತಾ ನೋಡಿ, ಕುಡಿವಲೆ ನೀರು ಮಡುಗಿ. ಶಿಶುವಿಂಗೆ ಎಷ್ಟು ತಿಂಗಳಾತು ಹೇಳಿ ಬಾಗಿಲಿಲಿ ನಿಂದು ಕೇಳೆಡಿ. ಮತ್ತೆ ಆ ಅಬ್ಬೆಕ್ಕಳ ಮದಲಾಣ ಹಂತಿಲಿ ಉಂಬಲೆ ಕೂರ್ಸಿ, ಅಷ್ಟೊತ್ತು ಶಿಶುಗಳ ನಿಂಗೊ ಎತ್ತಿಗೊಳ್ಳಿ. ಪಾಯಸ ಎರಡ್ನೇ ಸರ್ತಿ ಬಪ್ಪಗ ಬೇಕಾ ಹೇಳಿ ಕೇಳ್ಲೆ ಹೋಗೆಡಿ, ಸೀದಾ ಬಳುಸಿ.